‘ಪಡು’ ಎಂದರೆ ಪಶ್ಚಿಮವೋ, ಕಡಲ ಕಡೆಯೋ?

ಕರಾವಳಿಯ ಮಾತಿನಲ್ಲಿ ‘ಪಡು’ ಎಂಬುದಕ್ಕೆ ಪಶ್ಚಿಮ ಎಂದಷ್ಟೇ ಅರ್ಥವೇ, ಕಡಲಿರುವ ಕಡೆ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿದೆಯೇ? ನಿಘಂಟು ಮೊದಲನೆಯದನ್ನು ಹೇಳುತ್ತದೆ. ನಾನು ಕೇಳಿ ಬೆಳೆದದ್ದು ಎರಡನೆಯದನ್ನು.

ಬೇಸಿಗೆ ರಜೆ ಬಂತೆಂದರೆ ನಾವು ಮಕ್ಕಳೆಲ್ಲ ಘಟ್ಟ ಇಳಿದು ಕುಂದಾಪುರದ ಅಜ್ಜಿಮನೆ ಸೇರುತ್ತಿದ್ದೆವು. ಆ ಮನೆಯಲ್ಲಿ ಎಡ, ಬಲ ಎಂಬ ಮಾತೇ ಕಿವಿಗೆ ಬೀಳುತ್ತಿರಲಿಲ್ಲ. ಚಾಪೆ ಇಡುವುದು ತೆಂಕುಬದಿಯ ಗೋಡೆಗೆ, ಬಾವಿ ಮೂಡುಬದಿಗೆ, ಸೆಕೆ ತಾಳಲಾರದೆ ರಾತ್ರಿ ನಾವೆಲ್ಲ ಸಾಲಾಗಿ ಮಲಗುತ್ತಿದ್ದ ಜಗಲಿ ಪಡುಬದಿಗೆ. ಪಂಕ್ತಿಯಲ್ಲಿ ಕುಳಿತಾಗ ಮಾವ ‘ಸ್ವಲ್ಪ ಬಡಗಕ್ಕೆ ಸರಿಯಿರಿ’ ಎಂದರೆ ಅಲ್ಲಿಯೇ ಹುಟ್ಟಿದ ಮಕ್ಕಳು ತಟ್ಟನೆ ಸರಿಯುತ್ತಿದ್ದರು. ನಾವು ಸೂರ್ಯ ಎಲ್ಲಿದ್ದಾನೆಂದು ಹೊರಗೆ ಇಣುಕುತ್ತಿದ್ದೆವು. ನಡುಮಧ್ಯಾಹ್ನ ಅವನಿಂದಲೂ ಉಪಯೋಗವಿರಲಿಲ್ಲ.

ನನ್ನ ಸಂಶಯಕ್ಕೆ ಮೂಲ ಅಜ್ಜಿಯ ಒಂದು ಎಚ್ಚರಿಕೆ. ‘ಪಡುಬದಿಗೆ ಹೋಗಬೇಡಿ’ ಎಂದು ಅವರು ಹೇಳಿದರೆ ಕಡಲಿಗೆ ಇಳಿಯಬೇಡಿ ಎಂದೇ ಅರ್ಥ. ಪಶ್ಚಿಮದಲ್ಲಿದ್ದ ಪಕ್ಕದ ಮನೆಗೆ ದಿನವಿಡೀ ಓಡಾಡಿದರೂ ಅವರು ತಕರಾರು ಮಾಡುತ್ತಿರಲಿಲ್ಲ. ಪಂಚಗಂಗಾವಳಿಯ ದೆಸೆಯಿಂದ ಆ ಊರಿನ ಸುತ್ತ ನೀರಿಗೇನೂ ಬರವಿಲ್ಲ. ಆದರೂ ಹೊಳೆಯ ಕಡೆ ಹೊಳೆಬದಿಯೇ, ಅದನ್ನು ಪಡು ಎಂದವರಿಲ್ಲ.

ಪದದ ಮೂಲದಲ್ಲಿ ಕಡಲಿನ ಸುಳಿವಿಲ್ಲ ಎಂಬುದು ಗೊತ್ತಿದೆ. ನೇಸರು ಮೂಡುವ ಕಡೆ ಮೂಡು, ಪಡುವ ಎಂದರೆ ಮುಳುಗುವ ಕಡೆ ಪಡು. ಶಾಸನಗಳಲ್ಲಿ ಜಮೀನಿನ ಎಲ್ಲೆ ಹೇಳುವಾಗ ಬರುವ ಮೂಡಲು, ತೆಂಕಲು, ಪಡುವಲುಗಳೂ ಇವೇ. ಮೈಸೂರು ಸೀಮೆಯಲ್ಲಿ ಪಡುವಾರಹಳ್ಳಿ ಇದೆ. ಅಲ್ಲಿಂದ ಕಡಲು ಎಷ್ಟು ದೂರ! ತುಳುವಿನಲ್ಲಿ ಪಡ್ಡಾಯಿ, ಮಲಯಾಳದಲ್ಲಿ ಪಡಿಞ್ಞಾರ್, ಎಲ್ಲವೂ ಒಂದೇ ಬಳ್ಳಿಯವು. ಪಡುಬಿದ್ರಿ ಕಡಲಿನ ಅಂಚಿನಲ್ಲಿದೆ, ಮೂಡುಬಿದಿರೆ ಒಳನಾಡಿನಲ್ಲಿದೆ. ಈ ಜೋಡಿಯನ್ನು ಸೂರ್ಯನ ಲೆಕ್ಕದಲ್ಲಿಯೂ ವಿವರಿಸಬಹುದು, ಕಡಲಿನ ಲೆಕ್ಕದಲ್ಲಿಯೂ ವಿವರಿಸಬಹುದು. ಹಾಗಾಗಿ ಊರಿನ ಹೆಸರುಗಳಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ.

ನೆಲದ ಏರಿಳಿತ ದಿಕ್ಕಿನ ಹೆಸರಿಗೆ ಒಳನುಗ್ಗುವುದು ಹೊಸದೇನಲ್ಲ. ತಮಿಳಿನ ‘ಮೇರ್ಕು’ ಪಶ್ಚಿಮ, ಅದರೊಳಗಿರುವುದು ‘ಮೇಲು’. ‘ಕಿಳಕ್ಕು’ ಪೂರ್ವ, ಅದರೊಳಗಿರುವುದು ‘ಕೆಳಗು’. ಘಟ್ಟ ಅವರಿಗೆ ಪಶ್ಚಿಮಕ್ಕಿದೆ, ನೆಲ ಪೂರ್ವಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಇದು ತಿರುವುಮುರುವು: ಘಟ್ಟ ಮೂಡಕ್ಕೆ, ಇಳಿಜಾರು ಪಡುವಕ್ಕೆ. ಅಲ್ಲಿ ನೆಲದಿಂದ ದಿಕ್ಕಿಗೆ ಹೆಸರು ಬಂದಿರುವಾಗ ಇಲ್ಲಿ ದಿಕ್ಕಿನ ಹೆಸರೇ ಕಡಲಿಗೆ ಸಂದಿರಬಾರದೇಕೆ? ನನಗಂತೂ ಹಾಗೆಯೇ ಆಗಿದೆ ಎನಿಸುತ್ತದೆ, ಆದರೆ ಒಂದು ಮನೆಯ ಬಳಕೆಯನ್ನೇ ನೆಚ್ಚಿ ಇಡೀ ಕರಾವಳಿಯ ಬಗ್ಗೆ ತೀರ್ಪು ಕೊಡಲಾರೆ.

ಯಕ್ಷಗಾನದ ದಯೆಯಿಂದ ತೆಂಕು, ಬಡಗು ಘಟ್ಟದ ಮೇಲಿನವರಿಗೂ ಪರಿಚಿತ. ಅವನ್ನು ಸದ್ಯಕ್ಕೆ ಬಿಡೋಣ. ಭಟ್ಕಳ, ಅಂಕೋಲಾ, ಕಾರವಾರದ ಕಡೆಯವರು ಹೇಳಬೇಕು: ದಡ ಬಾಗಿ ಕಡಲು ತೆಂಕಕ್ಕೋ ಬಡಗಕ್ಕೋ ತಿರುಗಿರುವ ಕಡೆ ಹಿರಿಯರು ನೀರಿನತ್ತ ಕೈ ತೋರಿಸಿ ಏನೆನ್ನುತ್ತಾರೆ? ಅಲ್ಲಿಯೂ ‘ಪಡು’ ಎಂದರೆ ನನ್ನ ಊಹೆಗೆ ಬಲ ಬರುತ್ತದೆ. ಬಳಸಿದ ವಾಕ್ಯವನ್ನು ಇದ್ದಂತೆಯೇ ಬರೆದು, ಊರಿನ ಹೆಸರನ್ನೂ ಸೇರಿಸಿದರೆ ಉಪಕಾರವಾಗುತ್ತದೆ.