ಅಪ್‌ಡೇಟ್: ಹೊಟ್ಟೆ ಮೇಲಿನ ಆಪರೇಷನ್ ಗುರುತಿಗೆ ಕೊನೆಗೂ ಟ್ಯಾಟೂ ಆಯ್ತು

ಪಿತ್ತಕೋಶದ ಆಪರೇಷನ್ ಆಗಿ ಬಲಗಡೆ ಪಕ್ಕೆಲುಬಿನ ಕೆಳಗೆ ಓರೆಯಾಗಿ ಉಳಿದ ಗೆರೆಗೆ ಯಾವ ಡಿಸೈನ್ ಸರಿಹೋಗುತ್ತೆ ಅಂತ ಕೇಳಿದ್ದೆನಲ್ಲ, ಹಾಕಿಸಿಕೊಂಡೆ. ಗೆದ್ದಿದ್ದು ಬಳ್ಳಿ. "ಗೆರೆ ಮುಚ್ಚೋಕೆ ಹೋಗಬೇಡಿ, ಅದನ್ನೇ ಕಾಂಡ ಮಾಡ್ಕೊಳ್ಳಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಈಗ ಅದು ಮಲ್ಲಿಗೆ ಬಳ್ಳಿ, ಹೊಲಿಗೆಯ ಚುಕ್ಕಿಗಳ ಮೇಲೆಲ್ಲ ಮೊಗ್ಗು ಕೂತಿವೆ.

ಮಂಡಲ, ಅಂದ್ರೆ ವೃತ್ತದೊಳಗೆ ವೃತ್ತ ಬರೋ ಡಿಸೈನ್, ಆಗಲಿಲ್ಲ. ಅದರ ಸ್ಟೆನ್ಸಿಲ್ (ಚಿತ್ರದ ಅಚ್ಚು) ಅಂಟಿಸಿ ನೋಡಿದ್ವಿ, ನಾನು ಕೂತರೆ ಸಾಕು, ವೃತ್ತ ಮೊಟ್ಟೆಯಾಗ್ತಿತ್ತು. ಪೂರ್ತಿ ಕಪ್ಪು ತುಂಬಿಸೋದೂ ಬೇಡ ಅಂದ್ರು ಆರ್ಟಿಸ್ಟ್. ಬಣ್ಣ ಮುಚ್ಚುತ್ತೆ, ಉಬ್ಬು ಮುಚ್ಚಲ್ಲ, ಬೆಳಕು ಬಿದ್ದರೆ ಇನ್ನೂ ಎದ್ದು ಕಾಣುತ್ತಂತೆ.

ಮೊದಲು ಚರ್ಮದ ಡಾಕ್ಟರಿಗೆ ತೋರಿಸು ಅಂದಿದ್ದ ಅಕ್ಕನ ಮಾತು ಕೇಳಿದ್ದು ಒಳ್ಳೇದಾಯ್ತು. ಗುರುತು ಹಣ್ಣಾಗಿ ಮೆತ್ತಗಾಗೋಕೆ ವರ್ಷ, ಒಂದೂವರೆ ವರ್ಷ ಬೇಕು. ಕೆಂಪಗಿದ್ದು ನವೆ ಬರ್ತಿದ್ರೆ ಸೂಜಿ ತಾಗಿಸಬಾರದು ಅಂದ್ರು. ಕೀಲಾಯ್ಡ್ (ಗಾಯದ ಗುರುತು ಗಾಯಕ್ಕಿಂತ ದೊಡ್ಡದಾಗಿ ಉಬ್ಬಿ ಬೆಳೆಯೋದು) ಬರೋ ಮೈಯವರು ಈ ಯೋಚನೆ ಬಿಡೋದೇ ವಾಸಿ.

ನೋವು? ಗೆರೆ ಮೇಲೆ ಕೆಲವು ಕಡೆ ಏನೂ ಗೊತ್ತಾಗಲಿಲ್ಲ. ಪಕ್ಕೆಲುಬಿನ ಹತ್ತಿರ ಮಾತ್ರ ದೇವರೇ ಗತಿ! ಗುರುತಿನ ಚರ್ಮ ಇಂಕನ್ನ ಒಂದೇ ಸಮ ಹಿಡಿಯಲ್ಲ, ಹಾಗಾಗಿ ಒಂದೆರಡು ಎಲೆ ಮಸುಕಾಗಿವೆ. ಟಚಪ್‌ಗೆ ಹೋಗಬೇಕು.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ: ಟ್ಯಾಟೂ ಹಾಕಿಸಿಕೊಂಡ ಮೇಲೆ ನಮ್ಮ ದೇಶದಲ್ಲಿ 12 ತಿಂಗಳು ರಕ್ತ ಕೊಡೋ ಹಾಗಿಲ್ಲ. ಆಫೀಸಿನ ಕ್ಯಾಂಪಲ್ಲಿ ಬಿಸ್ಕತ್ತು ಕೊಟ್ಟು ವಾಪಸ್ ಕಳಿಸಿದ್ರು.