ಸಹಾಯ ಬೇಕು: ಆರ್ಗಾನ್ ಅಯಾನಿನ ಲೆಕ್ಕ ತಾಳೆಯಾಗುತ್ತಿಲ್ಲ

ಆರ್ಗಾನ್ ಅನಿಲದಲ್ಲಿ ಅದರದೇ ಅಯಾನು ಸಾಗುವ ಬಗೆಯನ್ನು ಮಾಂಟೆ ಕಾರ್ಲೊ ವಿಧಾನದಲ್ಲಿ (ಡಿಕ್ಕಿಗಳನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಆರಿಸುವ ಗಣಕ ಲೆಕ್ಕ) ಲೆಕ್ಕ ಹಾಕುತ್ತಿದ್ದೇನೆ. 300 ಕೆಲ್ವಿನ್‌ನಲ್ಲಿ, ದುರ್ಬಲ ವಿದ್ಯುತ್ ಕ್ಷೇತ್ರದಲ್ಲಿ, ಪ್ರಮಾಣಿತ ಸಾಂದ್ರತೆಗೆ ಇಳಿಸಿದ ಚಲನಶೀಲತೆ (ಅಯಾನಿನ ಸರಾಸರಿ ಸಾಗುವ ವೇಗವನ್ನು ಕ್ಷೇತ್ರದ ಬಲದಿಂದ ಭಾಗಿಸಿದ್ದು) ವೋಲ್ಟ್-ಸೆಕೆಂಡಿಗೆ ಸುಮಾರು 1.5 ಚದರ ಸೆಂಟಿಮೀಟರ್ ಬರಬೇಕು. ಧ್ರುವೀಕರಣದ ಸೆಳೆತವನ್ನಷ್ಟೇ (ಅಯಾನಿನ ಆವೇಶ ಪರಮಾಣುವಿನ ಎಲೆಕ್ಟ್ರಾನ್ ಮೋಡವನ್ನು ವಾಲಿಸುವುದರಿಂದ ಹುಟ್ಟುವ ಆಕರ್ಷಣೆ) ಇಟ್ಟರೆ 2.4 ಬರುತ್ತದೆ. ಅದು ನಿರೀಕ್ಷಿತವೇ, ಅಯಾನು ಎದುರಿನ ಪರಮಾಣುವಿನಿಂದ ಎಲೆಕ್ಟ್ರಾನ್ ಕಸಿದುಕೊಂಡು ತಾನು ತಟಸ್ಥವಾಗುವ ಆಟ ಅದರಲ್ಲಿಲ್ಲ. ಆ ಆವೇಶ ವಿನಿಮಯವನ್ನು ಹಿಮ್ಮುಖ ಚದುರಿಕೆಯಾಗಿ (ಡಿಕ್ಕಿಯಲ್ಲಿ ಅಯಾನು ಬಂದ ದಿಕ್ಕಿಗೇ ಮರಳಿತೆಂದು ಎಣಿಸಿ) ಸೇರಿಸಿದೊಡನೆ ಉತ್ತರ 1.5ಕ್ಕಿಂತಲೂ ಕೆಳಗೆ ಕುಸಿಯುತ್ತದೆ.

ಕಾಲದ ಹೆಜ್ಜೆಯನ್ನು ಕಿರಿದಾಗಿಸಿದೆ, ಅಯಾನುಗಳ ಸಂಖ್ಯೆ ಹೆಚ್ಚಿಸಿದೆ, ಪರಮಾಣುಗಳಿಗೆ ಉಷ್ಣ ವೇಗವನ್ನೂ ಕೊಟ್ಟೆ. ಜಪ್ಪಯ್ಯ ಎಂದರೂ ಜಗ್ಗುತ್ತಿಲ್ಲ. ಒಂದೇ ಡಿಕ್ಕಿ ಎರಡು ಸಲ ಎಣಿಕೆಯಾಗುತ್ತಿದೆಯೇ ಎಂಬ ಗುಮಾನಿ.

ಸಂವೇಗ ವರ್ಗಾವಣೆಯ ಅಡ್ಡಛೇದದಿಂದ (ಅಡ್ಡಛೇದವೆಂದರೆ ಡಿಕ್ಕಿಯ ಸಂಭವವನ್ನು ವಿಸ್ತೀರ್ಣವಾಗಿ ಹೇಳುವ ಅಳತೆ) ಎಲ್ಲ ದಿಕ್ಕಿಗೂ ಸಮನಾಗಿ ಚದುರುವ ಭಾಗವನ್ನು ಕಳೆದು, ಉಳಿದದ್ದರ ಅರ್ಧವನ್ನು ಮಾತ್ರ ಹಿಮ್ಮುಖಕ್ಕೆ ಕೊಡಬೇಕೇ? ಅಥವಾ ವಿನಿಮಯದ ಅಡ್ಡಛೇದವನ್ನು ಪೂರ್ತಿಯಾಗಿ ಕೂಡಿಸಬಹುದೇ?