ಸಹಾಯ ಬೇಕು: ತಿಕ್ಕಿದ ಹಳೇ ರೂಪಾಯಿಗೆ ಬೆಲೆ ಇದೆಯಾ?

ನಮಸ್ಕಾರ, ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಅಜ್ಜಿಯ ಎಲೆ-ಅಡಿಕೆ ಡಬ್ಬಿಯಲ್ಲಿ ಐದನೇ ಜಾರ್ಜ್ ದೊರೆಯ ಎರಡು ಬೆಳ್ಳಿ ರೂಪಾಯಿ ಸಿಕ್ಕಿವೆ, 1911ರದ್ದು ಮತ್ತು 1918ರದ್ದು. 1911ರದ್ದರಲ್ಲಿ ದೊರೆಯ ನಿಲುವಂಗಿ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ, ವಾಪಸ್ ಪಡೆದು ಎಷ್ಟೋ ನಾಣ್ಯ ಕರಗಿಸಿದ್ದರು, ಹಾಗಾಗಿ ಅದು ಅಪರೂಪ. 1918ರದ್ದು ಕೋಟಿಗಟ್ಟಲೆ ಅಚ್ಚಾಗಿತ್ತು.

ಆದರೆ ನನ್ನ ತಮ್ಮ, ಪುಣ್ಯಾತ್ಮ, ಹೊಳೆಯಲಿ ಅಂತ 1911ರದ್ದನ್ನೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾನೆ! ದೊರೆಯ ಕೆನ್ನೆ ತುಂಬ ಕೂದಲೆಳೆಯಂಥ ಗೀರು. ಮುಂಬೈನ ಫೋರ್ಟ್ ಕಡೆಯ ವ್ಯಾಪಾರಿಯೊಬ್ಬರು ಸುಮ್ನೆ ತೂಗಿ ಬೆಳ್ಳಿ ರೇಟು ಹೇಳಿದರು. ನನಗೆ ನಂಬಿಕೆ ಬರಲಿಲ್ಲ. 1918ರದ್ದು ಕಪ್ಪಾಗಿದೆ, ಆದರೆ ಒಂದು ಅಕ್ಷರವೂ ಸವೆದಿಲ್ಲ, ಅದನ್ನು ಮುಟ್ಟಿಲ್ಲ.

ತಿಕ್ಕಿದರೂ ಅಪರೂಪದ್ದಕ್ಕೇ ಜಾಸ್ತಿ ಬೆಲೆ ಅಲ್ವಾ? ಮುಂಬೈನಲ್ಲಿ ಸರಿಯಾಗಿ ನೋಡಿ ಹೇಳುವವರು ಗೊತ್ತಿದ್ದರೆ ತಿಳಿಸಿ.